ಹುಲಿ ಹುಡುಕಬೇಡಿ, ಜಿಂಕೆಯ ಕಿವಿ ನೋಡಿ

ಹುಲಿಯನ್ನು ಕಂಡ ಚುಕ್ಕೆ ಜಿಂಕೆ ಮೊದಲು ಓಡುವುದಿಲ್ಲ, ನಿಲ್ಲುತ್ತದೆ. ಕತ್ತು ನೆಟ್ಟಗಾಗುತ್ತದೆ, ಎರಡೂ ಕಿವಿ ಒಂದೇ ದಿಕ್ಕಿಗೆ ತಿರುಗುತ್ತವೆ, ಬಾಲ ಮೇಲೆದ್ದು ಅಡಿಯ ಬಿಳುಪು ಕಾಣುತ್ತದೆ. ಮುಂಗಾಲೊಂದನ್ನು ಎತ್ತಿ ನೆಲಕ್ಕೆ ಅಪ್ಪಳಿಸುತ್ತದೆ. ಆಮೇಲೆ ಸಿಳ್ಳೆಗೂ ಕಿರುಚಾಟಕ್ಕೂ ನಡುವಿನ ಒಂದು ಚೂಪಾದ ಕೂಗು ಹೊರಡುತ್ತದೆ. ಪೊದೆಯತ್ತ ದಿಟ್ಟಿಸುತ್ತಲೇ ಮತ್ತೆ ಕೂಗುತ್ತದೆ, ಮತ್ತೆ ಕಾಲು ಅಪ್ಪಳಿಸುತ್ತದೆ. ಕೆಲವು ಸಲ ಹುಲಿ ಇರುವ ಕಡೆಗೇ ನಾಲ್ಕು ಹೆಜ್ಜೆ ಇಡುವುದೂ ಉಂಟು. ಜೀವ ಉಳಿಸಿಕೊಳ್ಳಬೇಕಾದ ಪ್ರಾಣಿ ತಾನಿರುವ ಜಾಗವನ್ನು ಹೀಗೆ ಡಂಗುರ ಸಾರುವುದೇಕೆ?

ಉತ್ತರ ಹುಲಿಯ ಬೇಟೆಯ ಕ್ರಮದಲ್ಲಿದೆ. ಹುಲಿ ದೂರದವರೆಗೆ ಅಟ್ಟಿಸಿಕೊಂಡು ಹೋಗುವ ಪ್ರಾಣಿಯಲ್ಲ. ಹುಲ್ಲಿನ ಮರೆ, ಪೊದೆಯ ಮರೆ ಹಿಡಿದು, ಹೊಟ್ಟೆ ನೆಲಕ್ಕೆ ತಾಗುವಂತೆ ತೆವಳಿ, ಕೆಲವೇ ಮೀಟರ್ ಅಂತರಕ್ಕೆ ಬಂದ ಮೇಲೆ ಒಮ್ಮೆಲೇ ಎರಗುತ್ತದೆ. ಆ ಬೇಟೆಯ ಬಂಡವಾಳವೆಲ್ಲ ಕಾಣಿಸಿಕೊಳ್ಳದೆ ಇರುವುದರಲ್ಲಿದೆ. ಜಿಂಕೆಯ ಕೂಗು ಜೊತೆಯವರಿಗೆ ಎಚ್ಚರಿಕೆ ಹೌದು, ಹುಲಿಗೂ ಅದೊಂದು ಸಂದೇಶ: 'ನಿನ್ನನ್ನು ನೋಡಿಯಾಗಿದೆ, ಇನ್ನು ಬಂದು ಪ್ರಯೋಜನವಿಲ್ಲ.' ಗುಟ್ಟು ರಟ್ಟಾದ ಮೇಲೆ ಹುಲಿ ಸಾಮಾನ್ಯವಾಗಿ ಎದ್ದು ತನ್ನ ದಾರಿ ಹಿಡಿಯುತ್ತದೆ. ಕಣ್ಣೆದುರಿಗಿರುವ ಹುಲಿಗಿಂತ ಕಣ್ಣು ತಪ್ಪಿಸಿದ ಹುಲಿಯೇ ಜಿಂಕೆಗೆ ಹೆಚ್ಚು ಅಪಾಯ. ಅದಕ್ಕೇ ಅದು ಹುಲಿಯನ್ನು ನೋಟದಿಂದ ಬಿಡುವುದಿಲ್ಲ.

ಕಾಡಿನಲ್ಲಿ ಪ್ರಾಣಿ ಪಕ್ಷಿ ನೋಡುವ ವಿದ್ಯೆಯ ಮೊದಲ ಪಾಠ ಇದರಲ್ಲೇ ಇದೆ. ಅಲ್ಲಿ ಎಲ್ಲವೂ ಎಲ್ಲವನ್ನೂ ಗಮನಿಸುತ್ತಿರುತ್ತವೆ, ಅವುಗಳ ಕಣ್ಣು ಕಿವಿ ಮೂಗುಗಳ ಮುಂದೆ ನಮ್ಮವು ಏನೇನೂ ಅಲ್ಲ. ಆದ್ದರಿಂದ ಪೊದೆ ಪೊದೆಯಲ್ಲೂ ಹುಲಿಯನ್ನು ಜಾಲಾಡುವವರಿಗಿಂತ, ಜಿಂಕೆ ಎತ್ತ ನೋಡುತ್ತಿದೆ, ಮುಸುವ ಯಾಕೆ ಸುಮ್ಮನಾಯಿತು ಎಂದು ನೋಡುವವರಿಗೆ ಕಾಡು ಹೆಚ್ಚು ದಕ್ಕುತ್ತದೆ. ಹುಲಿ ಕಾಣದ ದಿನವೂ ಅವರು ಬರಿಗೈಯಲ್ಲಿ ಮರಳುವುದಿಲ್ಲ.

ನಮ್ಮ ನಾಗರಹೊಳೆಯನ್ನೇ ತೆಗೆದುಕೊಳ್ಳಿ. ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿಕೊಂಡಿರುವ ಈ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರ್. 2022ರ ಅಖಿಲ ಭಾರತ ಅಂದಾಜಿನ ಪ್ರಕಾರ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದಲ್ಲಿ 141 ಹುಲಿಗಳಿವೆ, ಪಕ್ಕದ ಬಂಡೀಪುರದಲ್ಲಿ 150. ಹುಲಿಗಳ ಸಂಖ್ಯೆಯಲ್ಲಿ ಇವೆರಡಕ್ಕಿಂತ ಮುಂದಿರುವುದು ಉತ್ತರಾಖಂಡದ ಕಾರ್ಬೆಟ್ ಒಂದೇ. ಇಷ್ಟಿದ್ದೂ ದಮ್ಮನಕಟ್ಟೆಯಿಂದಲೋ ವೀರನಹೊಸಹಳ್ಳಿಯಿಂದಲೋ ನಾಣಚ್ಚಿ ಗೇಟಿನಿಂದಲೋ ಒಳಹೋದ ಎಷ್ಟೋ ಜನ ಒಂದು ಹುಲಿಯನ್ನೂ ಕಾಣದೆ ಹೊರಬರುತ್ತಾರೆ. ಅದರಲ್ಲಿ ಆಶ್ಚರ್ಯವೇನಿಲ್ಲ. ಪ್ರವಾಸಿಗರಿಗೆ ಬಿಟ್ಟಿರುವುದು ಕಾಡಿನ ಸಣ್ಣದೊಂದು ಭಾಗ. ಆ ಭಾಗದಲ್ಲೂ ಜೀಪಿನ ದಾರಿಯಿಂದ ಕಾಣುವುದು ಇಕ್ಕೆಲಗಳ ಕೆಲವು ಮೀಟರ್ ಮಾತ್ರ. ಲಂಟಾನ ಹಬ್ಬಿದ ಕಡೆಯಂತೂ ಹತ್ತು ಅಡಿ ಆಚೆ ಆನೆ ನಿಂತಿದ್ದರೂ ತಿಳಿಯುವುದಿಲ್ಲ. ಉಳಿದದ್ದನ್ನು ಕಿವಿಯಿಂದ ತಿಳಿಯಬೇಕು, ಇಲ್ಲವೇ ನೆಲದ ಮೇಲೆ ಓದಬೇಕು.

ಕಣ್ಣಿಗೆ ಬಿಡುವು ಕೊಡುವ ಜಾಗಗಳೂ ಇಲ್ಲಿವೆ. ತೇಗ, ಮತ್ತಿ, ಬೀಟೆ, ಹೊನ್ನೆಗಳ ನಡುವೆ ಒಮ್ಮೆಲೇ ಮರಗಳು ಹಿಂದೆ ಸರಿದು, ತಗ್ಗಿನಲ್ಲಿ ಜೌಗು ನೆಲದ ಹುಲ್ಲುಬಯಲು ತೆರೆದುಕೊಳ್ಳುತ್ತದೆ. ಈ ಸೀಮೆಯವರು ಅದನ್ನು ಹಡ್ಲು ಎನ್ನುತ್ತಾರೆ. ಬೇಸಿಗೆಯಲ್ಲೂ ತೇವ ಉಳಿಸಿಕೊಳ್ಳುವ ನೆಲವಾದ್ದರಿಂದ ಸುತ್ತಲಿನ ಕಾಡು ಒಣಗಿ ಬೆಂಡಾದಾಗಲೂ ಹಡ್ಲಿನಲ್ಲಿ ಹಸಿರಿರುತ್ತದೆ. ಜಿಂಕೆ ಹಿಂಡು ಅಲ್ಲಿ ಮೇಯುತ್ತದೆ, ಅಂಚಿನ ನೆರಳಿನಲ್ಲಿ ಕಾಟಿಗಳು ನಿಂತಿರುತ್ತವೆ. ಒಂದು ಟನ್ ಹತ್ತಿರ ತೂಗುವ ಹೋರಿ ಕಾಟಿಯ ಮೈಯೆಲ್ಲ ಕಪ್ಪು, ಮೊಣಕಾಲಿನ ಕೆಳಗೆ ಮಾತ್ರ ಬಿಳಿ. ಇಡೀ ಬೆಳಿಗ್ಗೆ ಇಪ್ಪತ್ತು ಕಿಲೋಮೀಟರ್ ಸುತ್ತುವ ಬದಲು ಇಂಥದ್ದೊಂದು ಹಡ್ಲಿನ ಅಂಚಿನಲ್ಲಿ ಎಂಜಿನ್ ಆರಿಸಿ ಅರ್ಧ ತಾಸು ಕೂರುವುದು ಎಷ್ಟೋ ಮೇಲು. ಗಾಡಿ ಬಂದಾಗ ತಲೆಯೆತ್ತಿದ ಜಿಂಕೆಗಳು ಐದು ನಿಮಿಷದಲ್ಲಿ ಮೇವಿಗೆ ಮರಳುತ್ತವೆ. ಆಮೇಲೆ ಅವು ತಲೆಯೆತ್ತಿದರೆ ಅದಕ್ಕೆ ಕಾರಣ ನಾವಲ್ಲ. ನೋಡುವವರಿಗೆ ಬೇಕಾದ್ದು ಆ ಎರಡನೆಯ ತಲೆಯೆತ್ತುವಿಕೆ.

ಬೇಸಿಗೆಯ ಕಬಿನಿ ಹಿನ್ನೀರಿನ ಲೆಕ್ಕವೇ ಬೇರೆ. ಹಿನ್ನೀರಿನ ದಂಡೆಯ ಕಾಕನಕೋಟೆ ಕಾಡುಗಳಲ್ಲಿ ಮೈಸೂರು ಅರಸರ ಕಾಲದಿಂದ ಖೆಡ್ಡಾ ನಡೆಯುತ್ತಿತ್ತು. ಡೋಲು ತಮಟೆ ಬಡಿದು ಆನೆ ಹಿಂಡನ್ನು ಕಬಿನಿ ಹೊಳೆಗೆ ಇಳಿಸಿ, ದಾಟಿಸಿ, ಆಚೆ ಕಟ್ಟಿದ ಕೊಪ್ಪಕ್ಕೆ ತುಂಬುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಮುಗಿದು, ಆ ಹೊಳೆಯ ದಂಡೆಯ ಕಾಡು ಮತ್ತು ಹಳ್ಳಿಗಳ ಮೇಲೆ ನೀರು ನಿಂತಿತು. ನಾಗರಹೊಳೆ ಮತ್ತು ಬಂಡೀಪುರದ ನಡುವೆ ಚಾಚಿಕೊಂಡಿರುವ ಈ ಹಿನ್ನೀರು ಮಾರ್ಚಿಯಿಂದ ಮೇ ತಿಂಗಳವರೆಗೆ ಇಳಿಯುತ್ತ ಹೋಗುತ್ತದೆ. ನೀರು ಬಿಟ್ಟುಕೊಟ್ಟ ಹಸಿ ಮಣ್ಣಿನ ಮೇಲೆ ಎಳೆ ಹುಲ್ಲು ಚಿಗುರುತ್ತದೆ. ಒಳಗಾಡಿನ ಕೆರೆಗಳು ಬತ್ತಿರುತ್ತವೆ. ನೀರು, ಮೇವು ಎರಡೂ ಒಂದೇ ಕಡೆ ಸಿಗುವುದರಿಂದ ಆನೆಗಳು ಹಿಂಡು ಹಿಂಡಾಗಿ ಇಲ್ಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟೊಂದು ಸಂಖ್ಯೆಯಲ್ಲಿ ಬಯಲಿನಲ್ಲಿ ಕಾಣಸಿಗುವ ಜಾಗಗಳು ಬಹಳ ಕಡಿಮೆ. ಹಿಂದೆ ಆನೆ ಹಿಡಿಯಲು ಆರಿಸಿದ ಸೀಮೆಯೇ ಇಂದು ಆನೆ ನೋಡಲು ಎಲ್ಲಕ್ಕಿಂತ ಒಳ್ಳೆಯ ಸೀಮೆ.

ಆನೆಯ ಮನಸ್ಸು ತಿಳಿಯಲು ಅದರ ಕಿವಿ ನೋಡಬೇಕು. ಕಿವಿ ನಿಧಾನವಾಗಿ ಬೀಸುತ್ತಿದ್ದರೆ, ಬಾಲ ಸಡಿಲವಾಗಿ ಆಡುತ್ತಿದ್ದರೆ ಅದು ನೆಮ್ಮದಿಯಾಗಿದೆ. ಬೀಸುತ್ತಿದ್ದ ಕಿವಿ ತಟ್ಟನೆ ನಿಂತರೆ ಏನನ್ನೋ ಆಲಿಸುತ್ತಿದೆ ಎಂದರ್ಥ. ಸೊಂಡಿಲ ತುದಿ ನಿಮ್ಮತ್ತ ತಿರುಗಿ ಗಾಳಿ ಹೀರಿದರೆ ನಿಮ್ಮ ವಾಸನೆ ಅದಕ್ಕೆ ಸಿಕ್ಕಿದೆ. ಹೆಣ್ಣಾನೆಗಳು ಮೆಲ್ಲನೆ ಹತ್ತಿರ ಸರಿದು ಮರಿಯನ್ನು ನಡುವೆ ತೂರಿಸಿಕೊಂಡರೆ ನೀವು ಹೊರಡುವ ಹೊತ್ತಾಯಿತು. ಕಿವಿ ಅಗಲಿಸಿ, ತಲೆಯೆತ್ತಿ, ಘೀಳಿಡುತ್ತ ನಾಲ್ಕು ಹೆಜ್ಜೆ ನುಗ್ಗಿ ಬಂದು ನಿಲ್ಲುವುದು ಹೆಚ್ಚಿನ ಸಲ ಹೆದರಿಸುವ ನುಗ್ಗಾಟ. ಆದರೆ ಯಾವುದು ಹುಸಿ, ಯಾವುದು ನಿಜ ಎಂದು ಗಾಡಿಯಲ್ಲಿ ಕೂತು ಪರೀಕ್ಷೆ ಮಾಡುವುದು ಜಾಣತನವಲ್ಲ. ನಮ್ಮಿಂದಾಗಿ ಆನೆ ಮೇಯುವುದನ್ನು ನಿಲ್ಲಿಸಿತು ಎಂದಾದರೆ ನಾವು ಆಗಲೇ ಬೇಕಾದ್ದಕ್ಕಿಂತ ಹತ್ತಿರ ಹೋಗಿದ್ದೇವೆ.

ಮತ್ತೆ ಕೂಗಿನ ವಿಷಯಕ್ಕೆ ಬರೋಣ. ಕಾಡಿನ ಎಲ್ಲ ಎಚ್ಚರಿಕೆಗಳಿಗೂ ಒಂದೇ ಬೆಲೆಯಿಲ್ಲ. ಚುಕ್ಕೆ ಜಿಂಕೆ ಹಿಂಡಿನ ಪ್ರಾಣಿ, ಅನುಮಾನ ಬಂದರೆ ಸಾಕು, ಕೂಗಿಬಿಡುತ್ತದೆ. ಹುಲ್ಲಿನಲ್ಲಿ ಏನೋ ಸರಿದಾಡಿದ್ದಕ್ಕೂ, ಮನುಷ್ಯನನ್ನು ಕಂಡಿದ್ದಕ್ಕೂ ಕೂಗುತ್ತದೆ. ಕಡವೆ ಹಾಗಲ್ಲ. ಒಂಟಿಯಾಗಿ ಅಥವಾ ಸಣ್ಣ ಗುಂಪಿನಲ್ಲಿ ದಟ್ಟ ಕಾಡಿನಲ್ಲಿರುವ ಈ ದೊಡ್ಡ ಜಿಂಕೆ 'ಢಾಂಕ್' ಎಂದು ಗಂಟಲ ಆಳದಿಂದ ಸಿಡಿಯುವಂತೆ ಕೂಗಿತೆಂದರೆ, ಅದು ಹುಲಿಯನ್ನೋ ಚಿರತೆಯನ್ನೋ ಕಂಡೇ ಕೂಗಿದ್ದು ಎಂದು ಬಹುಮಟ್ಟಿಗೆ ನಂಬಬಹುದು. ಕಾಡುಕುರಿ ನಾಯಿಯಂತೆ ಬೊಗಳುತ್ತದೆ, ಒಮ್ಮೆ ಶುರುಮಾಡಿದರೆ ಬಹಳ ಹೊತ್ತು ನಿಲ್ಲಿಸುವುದಿಲ್ಲ. ನವಿಲು, ಕಾಡುಕೋಳಿಗಳು ನೆಲದ ಮೇಲೆ ಓಡಾಡುವ ಯಾವುದಕ್ಕೂ ಗದ್ದಲ ಮಾಡಿಯಾವು. ಕಾಕನಕೋಟೆ ಕಡೆಯ ಜೀಪ್ ಚಾಲಕರೊಬ್ಬರನ್ನು, ಜಿಂಕೆ ಅಷ್ಟು ಕೂಗುತ್ತಿದ್ದರೂ ಯಾಕೆ ಹೋಗುತ್ತಿಲ್ಲ ಎಂದು ಕೇಳಿದ್ದೆ. "ಜಿಂಕೆ ಮಾತು ನಂಬಿ ಹೋದ್ರೆ ಡೀಸೆಲ್ ದಂಡ ಸಾರ್. ಕಡವೆ ಕೂಗ್ಲಿ, ಆಮೇಲ್ ನೋಡಣ" ಎಂದರು. ಪುಸ್ತಕಗಳು ಪುಟಗಟ್ಟಲೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಕೂಗಿದವರು ಯಾರು ಎಂಬಷ್ಟೇ ಮುಖ್ಯ, ಅವರು ಎಲ್ಲಿ ಕೂತು ಕೂಗಿದರು ಎಂಬುದು. ಮರದ ತುದಿಯಲ್ಲಿರುವ ಮುಸುವನಿಗೆ ಕೆಳಗಿನ ಪೊದೆಯ ಒಳಗೂ ಕಾಣುತ್ತದೆ. ಗುಂಪಿನಲ್ಲೊಂದು ಎತ್ತರದ ಕೊಂಬೆಗೆ ಹೋಗಿ, ಒಂದೇ ಕಡೆ ದಿಟ್ಟಿಸುತ್ತ, ಗಂಟಲು ಕೆರೆದು ಕೆಮ್ಮಿದಂತೆ ಕೂಗಿದರೆ ಅದನ್ನು ಅಲಕ್ಷ್ಯ ಮಾಡುವಂತಿಲ್ಲ. ಮರ ಹತ್ತಬಲ್ಲ ಚಿರತೆಯೆಂದರೆ ಮುಸುವನಿಗೆ ವಿಶೇಷ ದಿಗಿಲು. ಮುಸುವ ಇರುವ ಮರದಡಿ ಚುಕ್ಕೆ ಜಿಂಕೆಗಳು ಸೇರುವುದನ್ನು ಗಮನಿಸಿದವರಿಗೆ ಇನ್ನೊಂದು ನಂಟು ತಿಳಿಯುತ್ತದೆ. ಮುಸುವ ಅರ್ಧ ತಿಂದು ಬಿಸಾಡುವ ಎಲೆ, ಹೂ, ಹಣ್ಣು ಜಿಂಕೆಗೆ ಮೇವು. ಮೇಲಿನವನ ದೃಷ್ಟಿ, ಕೆಳಗಿನವನ ಮೂಗು ಒಂದಕ್ಕೊಂದು ಕಾವಲು. ಕೆಳಗೆ ಜಿಂಕೆ ಕೂಗಿ, ಮೇಲೆ ಮುಸುವವೂ ದನಿಗೂಡಿಸಿದರೆ, ಆಗ ಆ ಚಾಲಕರೂ ಗಾಡಿ ತಿರುಗಿಸುತ್ತಾರೆ.

ಬೇಟೆಗಾರ ಬದಲಾದರೆ ಈ ನಡವಳಿಕೆಯೆಲ್ಲ ಬದಲಾಗುತ್ತದೆ. ಸೀಳುನಾಯಿಗಳು ಹಗಲಿನ ಬೇಟೆಗಾರರು. ಗುಂಪಾಗಿ ಬರುತ್ತವೆ, ಒಂದಕ್ಕೊಂದು ಸಿಳ್ಳೆ ಹೊಡೆದು ಮಾತಾಡಿಕೊಳ್ಳುತ್ತವೆ, ಓಡಿಸಿ ಓಡಿಸಿ ದಣಿಸಿ ಹಿಡಿಯುತ್ತವೆ. 'ನಿನ್ನನ್ನು ನೋಡಿದ್ದೇನೆ' ಎಂದು ಅವುಗಳಿಗೆ ಹೇಳಿ ಏನೂ ಲಾಭವಿಲ್ಲ, ಬಚ್ಚಿಟ್ಟುಕೊಳ್ಳುವ ಗುಟ್ಟೇ ಅವುಗಳಿಗಿಲ್ಲ. ಅದಕ್ಕೆ ಜಿಂಕೆ ನಿಂತು ಕೂಗುತ್ತ ಕೂರದೆ ಓಟ ಕೀಳುತ್ತದೆ. ಕಡವೆ ನೀರಿಗಿಳಿಯುತ್ತದೆ. ಎದೆಮಟ್ಟದ ನೀರಿನಲ್ಲಿ ಕಡವೆಯ ಕಾಲಿಗೆ ನೆಲ ಸಿಗುತ್ತದೆ, ಸೀಳುನಾಯಿ ಈಜಬೇಕಾಗುತ್ತದೆ, ಅಲ್ಲಿ ಗೊರಸಿನ ಒದೆತಕ್ಕೆ ಬೆಲೆ ಬರುತ್ತದೆ. ಹಿನ್ನೀರಿನಲ್ಲಿ ಕಡವೆಯೊಂದು ಹಾಡುಹಗಲೇ ದಡದತ್ತ ಮುಖ ಮಾಡಿ ನಿಂತಿದ್ದರೆ, ಮೊದಲು ಕಡವೆಯ ಫೋಟೊ ತೆಗೆಯಬೇಡಿ, ದಡವನ್ನು ನೋಡಿ. ನಮ್ಮ ಕೃಪಾಕರ–ಸೇನಾನಿ ಜೋಡಿ ಬಂಡೀಪುರ ಸೀಮೆಯಲ್ಲಿ ವರ್ಷಗಟ್ಟಲೆ ಸೀಳುನಾಯಿಗಳ ಬೆನ್ನು ಹತ್ತಿ ಚಿತ್ರ ಮಾಡಿದ ಮೇಲೆ, ಒಂದು ಕಾಲಕ್ಕೆ ಪೀಡೆಯೆಂದು ಕೊಂದವರಿಗೆ ಇನಾಮು ಸಿಗುತ್ತಿದ್ದ ಈ ಪ್ರಾಣಿಯ ಸಂಸಾರವನ್ನು ಲೋಕ ಬೇರೆ ಕಣ್ಣಿನಿಂದ ನೋಡಿತು.

ಇನ್ನು ನೆಲದ ಓದು. ಬೆಳಗಿನ ಮಣ್ಣುದಾರಿಯ ಹುಡಿಯ ಮೇಲೆ ರಾತ್ರಿಯ ವ್ಯವಹಾರವೆಲ್ಲ ದಾಖಲಾಗಿರುತ್ತದೆ. ಮೊದಲ ಗಾಡಿ ಅದನ್ನು ಅಳಿಸುವವರೆಗೆ ಓದಬಹುದು. ಹುಲಿ ಚಿರತೆಗಳ ಹೆಜ್ಜೆಯಲ್ಲಿ ನಾಲ್ಕು ಬೆರಳು, ಹಿಂದೊಂದು ದಪ್ಪ ಮೆತ್ತೆ. ನಡೆಯುವಾಗ ಉಗುರು ಒಳಗೆಳೆದುಕೊಳ್ಳುವುದರಿಂದ ಉಗುರಿನ ಗುರುತಿಲ್ಲ. ಸೀಳುನಾಯಿಯ ಹೆಜ್ಜೆಯಲ್ಲಿ ಉಗುರು ಕಾಣುತ್ತದೆ. ಕರಡಿಗೆ ಐದು ಬೆರಳು, ಅವುಗಳ ಮುಂದೆ ದೂರದಲ್ಲಿ ಉದ್ದ ಉಗುರುಗಳ ಗೀರು. ಆನೆಯ ಮುಂಗಾಲಿನ ಗುರುತಿನ ಸುತ್ತಳತೆಯನ್ನು ದಾರದಿಂದ ಅಳೆದು ಎರಡರಷ್ಟು ಮಾಡಿದರೆ ಅದರ ಹೆಗಲಿನ ಎತ್ತರ ಸಿಗುತ್ತದೆ. ದಾರಿಬದಿಯ ಮರದ ಕಾಂಡಕ್ಕೆ ಎಂಟಡಿ ಎತ್ತರದಲ್ಲಿ ಕೆಸರು ಮೆತ್ತಿದ್ದರೆ, ಕೆರೆಯಲ್ಲಿ ಹೊರಳಿ ಬಂದ ಆನೆ ಅಲ್ಲಿ ಮೈ ಉಜ್ಜಿದೆ. ಬಿದ್ದ ಲದ್ದಿಯನ್ನು ಕಾಡುಕೋಳಿ ಕೆದರುತ್ತಿದ್ದರೆ ಅದರೊಳಗೆ ಅರಗದ ಬೀಜಗಳಿವೆ.

ಹುಲಿ ದಾರಿಯುದ್ದಕ್ಕೂ ಗಡಿಯ ಗುರುತು ಹಾಕುತ್ತ ಹೋಗುತ್ತದೆ. ಬಾಲ ಎತ್ತಿ ಕಾಂಡದ ಮೇಲೆ ಹಿಂದಕ್ಕೆ ಸಿಂಪಡಿಸುವ ಆ ದ್ರವದ ವಾಸನೆ ಮೊದಲ ಸಲ ಮೂಗಿಗೆ ಬಡಿದವರು ಗೊಂದಲಕ್ಕೆ ಬೀಳುತ್ತಾರೆ. ದುರ್ನಾತ ಇರಬೇಕಾದಲ್ಲಿ ಬಾಸ್ಮತಿ ಅನ್ನದ ಘಮ! ಕೋಲ್ಕತ್ತಾದ ವಿಜ್ಞಾನಿ ರತನ್ ಲಾಲ್ ಬ್ರಹ್ಮಚಾರಿ ಮತ್ತು ಸಂಗಡಿಗರು ಇದರ ಬೆನ್ನುಹತ್ತಿ, ಬಾಸ್ಮತಿಗೆ ಪರಿಮಳ ಕೊಡುವ 2-ಅಸಿಟೈಲ್-1-ಪೈರೊಲಿನ್ ಎಂಬ ಅದೇ ಅಣು ಹುಲಿಯ ದ್ರವದಲ್ಲೂ ಇರುವುದನ್ನು ತೋರಿಸಿದರು. ಅದರ ಜೊತೆಗಿರುವ ಕೊಬ್ಬಿನಂಶ ವಾಸನೆ ಬೇಗ ಹಾರಿಹೋಗದಂತೆ ಹಿಡಿದಿಡುತ್ತದೆ. ಯಾರು ಹೋದದ್ದು, ಎಷ್ಟು ಹೊತ್ತಾಯಿತು, ಹೆಣ್ಣು ಬೆದೆಯಲ್ಲಿದೆಯೇ ಎಂಬುದೆಲ್ಲ ಮುಂದಿನ ಹುಲಿಗೆ ಆ ಕಾಂಡದಿಂದಲೇ ತಿಳಿಯುತ್ತದೆ. ಹೀಗೆ ವಾಸನೆಯಲ್ಲಿ ಸುದ್ದಿ ತಿಳಿಸಿಕೊಂಡೇ ಹುಲಿಗಳು ಮುಖಾಮುಖಿ ಕಾದಾಟವನ್ನು ಬಹಳಷ್ಟು ತಪ್ಪಿಸಿಕೊಳ್ಳುತ್ತವೆ.

ನೆಲದ ಗುರುತನ್ನು ಅತಿಯಾಗಿ ನಂಬಿ ದೇಶವೇ ಒಮ್ಮೆ ಏಮಾರಿದ್ದೂ ಇದೆ. ದಶಕಗಳ ಕಾಲ ಹುಲಿ ಗಣತಿ ನಡೆದದ್ದು ಹೆಜ್ಜೆ ಗುರುತಿನ ಮೇಲೆ. ಪ್ರತಿ ಹುಲಿಯ ಹೆಜ್ಜೆಯನ್ನೂ ಬೇರೆಯಾಗಿ ಗುರುತಿಸಬಹುದು ಎಂಬುದು ಆ ವಿಧಾನದ ನಂಬಿಕೆಯಾಗಿತ್ತು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಥರ, ಹುಡಿಯಲ್ಲಿ ಇನ್ನೊಂದು ಥರ ಮೂಡುತ್ತದೆ. ನಾಗರಹೊಳೆಯಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಉಲ್ಲಾಸ ಕಾರಂತರು ಇದನ್ನು ಪ್ರಶ್ನಿಸಿ, 1990ರ ದಶಕದ ಆರಂಭದಲ್ಲಿ ಇಲ್ಲಿಯೇ ಕ್ಯಾಮೆರಾ ಟ್ರ್ಯಾಪ್ ವಿಧಾನವನ್ನು ಬಳಕೆಗೆ ತಂದರು. ಹುಲಿಯ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿನಂತೆ, ಒಂದರದ್ದು ಇನ್ನೊಂದಕ್ಕಿಲ್ಲ. ಎಡ ಮಗ್ಗುಲಿನ ಪಟ್ಟೆ ಬಲ ಮಗ್ಗುಲಿಗೂ ಹೊಂದುವುದಿಲ್ಲವಾದ್ದರಿಂದ ದಾರಿಯ ಎರಡೂ ಬದಿ ಎದುರುಬದುರಾಗಿ ಕ್ಯಾಮೆರಾ ಕಟ್ಟಬೇಕು. ಮೊದಲ ಸುತ್ತಿನಲ್ಲಿ ಸಿಕ್ಕ ಹುಲಿಗಳ ಪೈಕಿ ಎಷ್ಟು ಮುಂದಿನ ಸುತ್ತುಗಳಲ್ಲಿ ಮತ್ತೆ ಸಿಕ್ಕವು, ಹೊಸವು ಎಷ್ಟು ಎಂಬ ಲೆಕ್ಕದಿಂದ, ಕ್ಯಾಮೆರಾಕ್ಕೆ ಸಿಗದೆ ಉಳಿದವನ್ನೂ ಅಂದಾಜು ಮಾಡಬಹುದು. 2005ರಲ್ಲಿ ರಾಜಸ್ಥಾನದ ಸಾರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲ ಎಂಬುದು ಬಯಲಾದ ಮೇಲೆ ಹಳೆಯ ಪದ್ಧತಿ ಹಿಂದೆ ಸರಿಯಿತು. ಕ್ಯಾಮೆರಾ ಆಧರಿಸಿದ 2006ರ ಅಂದಾಜಿನಲ್ಲಿ ದೇಶದ ಹುಲಿಗಳು 1,411, 2022ರಲ್ಲಿ 3,682. ಆನೆಯ ಲೆಕ್ಕವೂ ಈಗ ಹೊಸ ದಾರಿ ಹಿಡಿದಿದೆ. ಲದ್ದಿಯ ಡಿಎನ್‌ಎ ಪರೀಕ್ಷಿಸಿ ಮಾಡಿದ, 2025ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ 6,013 ಆನೆಗಳಿವೆ. ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ.

ಈ ಲೆಕ್ಕಗಳ ಹಿಂದೆ ಇನ್ನೊಂದು ಲೆಕ್ಕವಿದೆ, ಸಫಾರಿಗೆ ಹೋದವರು ಗಮನಿಸಲೇಬೇಕಾದ್ದು. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು. ಬಡ್ಡಿ ತಿಂದು ಅಸಲು ಉಳಿಯಬೇಕಾದರೆ ಆ ಒಂದು ಹುಲಿಯ ಹಿಂದೆ ಸುಮಾರು 500 ಪ್ರಾಣಿಗಳಿರಬೇಕು. ಹುಲಿ, ಚಿರತೆ, ಸೀಳುನಾಯಿ ಮೂರೂ ನಾಗರಹೊಳೆಯಲ್ಲಿ ಒಟ್ಟಿಗೆ ಬಾಳುವುದಕ್ಕೂ ಕಾರಣ ಇದೇ. ಇಲ್ಲಿ ಕಾಟಿಯಿಂದ ಚುಕ್ಕೆ ಜಿಂಕೆಯವರೆಗೆ ಎಲ್ಲ ಗಾತ್ರದ ಮೇಯುವ ಪ್ರಾಣಿಗಳಿವೆ. ಹುಲಿ ದೊಡ್ಡದರ ಮೇಲೆ ಕಣ್ಣಿಡುತ್ತದೆ, ಉಳಿದೆರಡು ಸಣ್ಣದರಲ್ಲಿ ತೃಪ್ತಿಪಡುತ್ತವೆ. 'ಬರೀ ಜಿಂಕೆ ಕಂಡಿತು' ಎಂದು ಮುಖ ಸಣ್ಣದು ಮಾಡಿಕೊಳ್ಳುವವರು ಕಂಡದ್ದು ಹುಲಿಯ ಕಣಜವನ್ನು.

ಹಕ್ಕಿ ನೋಡುವವರಿಗೂ ಸೂತ್ರ ಇದೇ: ಒಂದನ್ನು ಹಿಡಿದರೆ ಹತ್ತು ಸಿಗುತ್ತವೆ. ಕಾಡಿನಲ್ಲಿ ಬಹಳ ಹೊತ್ತು ಒಂದು ಹಕ್ಕಿಯೂ ಕಾಣದೆ, ಆಮೇಲೆ ಒಮ್ಮೆಲೇ ಮರದ ತುಂಬ ರೆಕ್ಕೆಗಳು ಆಡುವುದುಂಟು. ಕಾಜಾಣ, ಮರಕುಟಿಗ, ನೊಣಹಿಡುಕ, ಹರಟೆಮಲ್ಲ ಮುಂತಾದವು ಕೂಡಿ ಹುಳು ಹುಡುಕುತ್ತ ಸಾಗುವ ಮಿಶ್ರ ತಂಡ ಅದು. ಒಂದು ಕೆದಕಿ ಎಬ್ಬಿಸಿದ ಹುಳುವನ್ನು ಇನ್ನೊಂದು ಗಾಳಿಯಲ್ಲೇ ಹಿಡಿಯುತ್ತದೆ. ಅನೇಕ ಕಣ್ಣುಗಳಿರುವುದರಿಂದ ಗಿಡುಗ ಬಂದದ್ದೂ ಬೇಗ ತಿಳಿಯುತ್ತದೆ. ಇಂಥ ತಂಡದ ಸುಳಿವು ಕೊಡುವವನು ಭೀಮರಾಜ. ಬಾಲದ ಎರಡು ಉದ್ದ ತಂತಿಗಳ ತುದಿಯಲ್ಲಿ ಪುಕ್ಕದ ಕುಚ್ಚು ತೂಗಿಸಿಕೊಂಡ ಈ ಕರಿ ಹಕ್ಕಿ ಬೇರೆ ಹಕ್ಕಿಗಳ ದನಿಯನ್ನು, ಅವುಗಳ ಎಚ್ಚರಿಕೆಯ ಕೂಗನ್ನು ಸಹ, ಅಣಕಿಸಬಲ್ಲದು. ಪಟ್ಟಿಯಲ್ಲಿ ಗಿಡುಗದ ಹೆಸರು ಬರೆದುಕೊಳ್ಳುವ ಮೊದಲು ಕೂಗಿದವನು ಭೀಮರಾಜನಲ್ಲ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಹಣ್ಣಾದ ಆಲ, ಬಸರಿ, ಅತ್ತಿ ಮರ ಸಿಕ್ಕರೆ ಅಲ್ಲಿಂದ ಕದಲಬೇಡಿ. ಕುಟ್ರ, ಪಾರಿವಾಳ, ಕೆಂದಳಿಲು ಎಲ್ಲ ಅಲ್ಲಿಗೇ ಬರುತ್ತವೆ, ಮಂಗಟ್ಟೆಯೂ ಬರುತ್ತದೆ. ಗೂಡಿನ ಕಾಲದಲ್ಲಿ ಗಂಡು ಮಂಗಟ್ಟೆ ಒಂದೊಂದೇ ಹಣ್ಣನ್ನು ಗಂಟಲಿನಿಂದ ಹೊರತಂದು ಕೊಕ್ಕಿನ ತುದಿಯಲ್ಲಿ ಹಿಡಿದು ಪೊಟರೆಯ ಸೀಳಿನೊಳಗೆ ಕೊಡುತ್ತದೆ. ಒಳಗೆ ಹೆಣ್ಣು ಪೊಟರೆಯ ಬಾಯನ್ನು ಹಿಕ್ಕೆ, ಹಣ್ಣಿನ ತಿರುಳುಗಳಿಂದ ಮೆತ್ತಿಕೊಂಡು, ಕೊಕ್ಕು ತೂರುವಷ್ಟೇ ಕಿಂಡಿ ಬಿಟ್ಟು ವಾರಗಟ್ಟಲೆ ಸೆರೆಯಲ್ಲಿರುತ್ತದೆ. ಹೊರಗಿನ ಗಂಡು ಸತ್ತರೆ ಒಳಗಿನ ಸಂಸಾರವೂ ಉಳಿಯುವುದು ಕಷ್ಟ. ಇಂಥ ಗೂಡಿನ ಬುಡಕ್ಕೆ ಕ್ಯಾಮೆರಾ ಹಿಡಿದು ನಾಲ್ಕು ಜನ ನಿಂತರೆ ಗಂಡು ಹಣ್ಣು ಹೊತ್ತುಕೊಂಡೇ ಸುತ್ತುಹೊಡೆಯುತ್ತದೆ, ಗೂಡಿಗೆ ಇಳಿಯುವುದಿಲ್ಲ. ಚೆಂದದ ಒಂದು ಫೋಟೊಗೆ ತೆರುವ ಬೆಲೆ ಯಾರದೋ ಊಟ. ಇನ್ನು ಸತ್ತ ಪ್ರಾಣಿಯ ಸುಳಿವಿಗೂ ಹಕ್ಕಿಗಳೇ ಆಧಾರ. ಕಾಗೆ, ಮಟಪಕ್ಷಿಗಳು ಕೊಂಬೆಗಳಲ್ಲಿ ಸೇರಿ, ಕೆಳಗಿಳಿಯದೆ ಕಾಯುತ್ತಿದ್ದರೆ, ಊಟದ ಯಜಮಾನ ಇನ್ನೂ ಅಲ್ಲೇ ಮಲಗಿರಬಹುದು.

ಈ ವಿದ್ಯೆಗೆ ದೊಡ್ಡ ಶತ್ರು ಹುಲಿ ಕಂಡ ಸುದ್ದಿ. ಒಂದು ಗಾಡಿಗೆ ಹುಲಿ ಕಂಡರೆ ಉಳಿದ ಗಾಡಿಗಳು ಅಲ್ಲಿಗೇ ನುಗ್ಗುತ್ತವೆ. ಹುಲಿ ದಾರಿ ದಾಟಬೇಕಾದಲ್ಲಿ ಗಾಡಿಗಳ ಸಾಲು, ಮರಿಗಳು ಆಚೆ, ತಾಯಿ ಈಚೆ. ಆ ದೃಶ್ಯದಲ್ಲಿ ಹುಲಿ ಇದ್ದೀತು, ಹುಲಿಯ ಸಹಜ ಬದುಕು ಇರುವುದಿಲ್ಲ. 2025ರ ನವೆಂಬರಿನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಯಿಂದ ಸಾವುಗಳಾದಾಗ ರಾಜ್ಯ ಸರ್ಕಾರ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿಯನ್ನೇ ನಿಲ್ಲಿಸಿತು. ಸಫಾರಿಗೂ ದಾಳಿಗೂ ಎಷ್ಟು ಸಂಬಂಧ ಎಂಬ ಚರ್ಚೆ ಏನೇ ಇರಲಿ, ರೈತರ ಸಿಟ್ಟಿನಲ್ಲಿ ನ್ಯಾಯವಿತ್ತು. ಅವರ ಪಾಲಿಗೆ ಹುಲಿ ಗೋಡೆಯ ಮೇಲೆ ತೂಗುಹಾಕುವ ಚಿತ್ರವಲ್ಲ. ಸಂಜೆ ದನ ಅಟ್ಟಿಕೊಂಡು ಬರುವ ದಾರಿಯಲ್ಲಿ ಎದುರಾಗುವ ಭಯ. ಇದೇ ಕಾಡಿನ ಜೇನುಕುರುಬರು, ಬೆಟ್ಟಕುರುಬರು, ಯರವರ ಅನೇಕ ಕುಟುಂಬಗಳು ಸಂರಕ್ಷಣೆಗಾಗಿ ಹಾಡಿಗಳನ್ನು ಬಿಟ್ಟು ಹೊರಬಂದಿವೆ. ನಾನು ಮೇಲೆ ಹೇಳಿದ ಓದಿನಲ್ಲಿ ಬಹುಪಾಲು ಅವರಿಗೆ ತಲೆಮಾರುಗಳಿಂದ ಗೊತ್ತಿದ್ದದ್ದು. ಇಲಾಖೆಯ ವಾಚರ್‌ಗಳಾಗಿ, ಮಾವುತರಾಗಿ, ಕಾವಾಡಿಗಳಾಗಿ ಅವರು ಇಂದಿಗೂ ಆ ಕೆಲಸವನ್ನೇ ಮಾಡುತ್ತಿದ್ದಾರೆ. ಕಾಡು ತೋರಿಸುವವರ ಸಂಬಳ, ಸ್ಥಾನ ಎರಡೂ ಕಾಡು ನೋಡುವವರ ಟಿಕೆಟ್ಟಿಗೆ ತಕ್ಕಂತೆ ಏರಬೇಕಲ್ಲವೇ?

ಹೋಗುವವರಿಗೆ ಕೆಲವು ಮಾತು. ಸಫಾರಿ ನಡೆಯುತ್ತಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಬೆಳಗಿನ ಮೊದಲ ಸರದಿ ಹಿಡಿಯಿರಿ, ತಂಪಿನಲ್ಲಿ ಪ್ರಾಣಿಗಳ ಓಡಾಟ ಹೆಚ್ಚು. ಮಾಸಲು ಬಣ್ಣದ ಬಟ್ಟೆ ಸಾಕು, ಸೆಂಟು ಬೇಡ. ಫೋನಿಗಿಂತ ಒಂದು ಜೊತೆ ದುರ್ಬೀನು ಲೇಸು. ಚಾಲಕರಿಗೆ ಹೊರಡುವಾಗಲೇ 'ಹುಲಿ ಸಿಗದಿದ್ದರೂ ಚಿಂತೆಯಿಲ್ಲ, ಒಂದು ಹಡ್ಲಿನ ಹತ್ತಿರ ಗಾಡಿ ಆಫ್ ಮಾಡಿ ಕೂರೋಣ' ಎಂದು ಹೇಳಿಬಿಡಿ. ಹುಲಿ ತೋರಿಸಲೇಬೇಕೆಂಬ ಒತ್ತಡ ಇಳಿದ ಚಾಲಕ ತನಗೆ ಗೊತ್ತಿರುವ ಎಷ್ಟೋ ಸಂಗತಿ ಬಿಚ್ಚುತ್ತಾನೆ. ಕಂಡದ್ದನ್ನು ತಾರೀಖು, ಹೊತ್ತು, ಜಾಗ ಸಮೇತ ಅಂದೇ ಬರೆದಿಡಿ.

ಆ ಬರವಣಿಗೆ ನಿಮ್ಮೊಬ್ಬರ ಸಂತೋಷಕ್ಕಷ್ಟೇ ಮುಗಿಯಬೇಕಿಲ್ಲ. ದೇಶದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ 2023ರಲ್ಲಿ ಬಂದ ವರದಿ 942 ಜಾತಿಗಳನ್ನು ಪರಿಶೀಲಿಸಿದ್ದು, ಇ-ಬರ್ಡ್ ತಾಣಕ್ಕೆ ಹವ್ಯಾಸಿಗಳು ಸೇರಿಸಿದ ಮೂರು ಕೋಟಿಗೂ ಹೆಚ್ಚು ದಾಖಲೆಗಳ ಬಲದಿಂದ. ಅವರಲ್ಲಿ ಮೇಷ್ಟರು, ವಿದ್ಯಾರ್ಥಿಗಳು, ಬ್ಯಾಂಕಿನವರು, ನಿವೃತ್ತರು ಎಲ್ಲರೂ ಇದ್ದಾರೆ. ನಮ್ಮ ರಾಜ್ಯಪಕ್ಷಿ ನೀಲಕಂಠದ ಸಂಖ್ಯೆ ಹನ್ನೆರಡು ವರ್ಷಗಳಲ್ಲಿ ಸುಮಾರು ಶೇ 30ರಷ್ಟು ಕುಸಿದಿದೆ ಎಂದು ಗೊತ್ತಾದದ್ದು ಆ ದಾಖಲೆಗಳಿಂದಲೇ. ಹುಲಿಯನ್ನು ಎಣಿಸಲು ಸರ್ಕಾರವಿದೆ, ಕ್ಯಾಮೆರಾಗಳಿವೆ, ಅನುದಾನವಿದೆ. ನೀಲಕಂಠ ಕೂರುವುದು ಕಾಡಿನ ಗೇಟಿನಾಚೆ, ಹೊಲದಂಚಿನ ಕರೆಂಟು ತಂತಿಯ ಮೇಲೆ. ಅದನ್ನು ಎಣಿಸಲು ನಾವೇ ಆಗಬೇಕು. ಎಚ್.ಡಿ. ಕೋಟೆಯಿಂದ ಮೈಸೂರಿಗೆ ಮರಳುವ ದಾರಿಯಲ್ಲಿ ಫೋನಿನೊಳಗಿನ ಹುಲಿಯನ್ನು ಹಿಗ್ಗಿಸಿ ನೋಡುತ್ತ ಕೂರುವ ಬದಲು ಕಿಟಕಿಯಾಚೆ ನೋಡಿ, ಸಿಕ್ಕಿದಷ್ಟು ನೀಲಕಂಠಗಳನ್ನು ಎಣಿಸಿ, ಸೊನ್ನೆಯಾದರೂ ಬರೆಯಿರಿ. ಆ ಸೊನ್ನೆಗೂ ವರದಿಯಲ್ಲಿ ಬೆಲೆಯಿದೆ.